ಮಲೆನಾಡಿನ ಆದಿವಾಸಿ ಊರುಗಳಲ್ಲಿ ಕಾನೂನು ಇಂಟರ್ನ್‌ಶಿಪ್: ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಮಗಳೂರಿನಲ್ಲಿ ವಕೀಲಿ ಮಾಡುತ್ತೇನೆ. ಅರಣ್ಯ ಹಕ್ಕಿನ ಅರ್ಜಿಗಳು, ಅಂದರೆ ಕಾಡಿನ ಜಾಗದಲ್ಲಿ ಬಾಳುತ್ತಿರುವವರು ಆ ಜಾಗದ ಹಕ್ಕು ಕೇಳಿ ಹಾಕುವ ಅರ್ಜಿಗಳು, ನನ್ನ ಕೆಲಸದ ದೊಡ್ಡ ಪಾಲು. ಕಾಲೇಜಿಗೆ ರಜೆ ಹತ್ತಿರ ಬಂತು ಅಂದರೆ ಕಾನೂನು ವಿದ್ಯಾರ್ಥಿಗಳ ಫೋನ್ ಶುರುವಾಗುತ್ತದೆ. "ಮೇಡಂ, ಪರಿಸರ ಕಾನೂನಿನಲ್ಲಿ ಇಂಟರ್ನ್‌ಶಿಪ್ ಮಾಡಬೇಕು, ಆದಿವಾಸಿಗಳ ಜೊತೆ ಕೆಲಸ ಮಾಡಬೇಕು" ಅಂತ ಕೇಳುತ್ತಾರೆ. ಅವರ ಉತ್ಸಾಹ ನೋಡಿದರೆ ಖುಷಿಯಾಗುತ್ತದೆ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೆ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಇಲ್ಲಿ ಬಂದರೆ ನಿಜವಾಗಿ ಏನು ಕೆಲಸ ಇರುತ್ತದೆ?

ಕಾಗದದ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಕೋರ್ಟಿನಲ್ಲಿ ನಿಲ್ಲುವ ದಿನಗಳು ಕಡಿಮೆ. ಹೆಚ್ಚಿನ ದಿನ ನೀವು ಯಾರದೋ ಮನೆಯ ಜಗಲಿಯಲ್ಲಿ ಕೂತಿರುತ್ತೀರಿ. ಮನೆಯವರು ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆಯುತ್ತಾರೆ. ಅದರೊಳಗೆ ಹಳೆ ರೇಷನ್ ಕಾರ್ಡ್, ವೋಟರ್ ಐಡಿ, ಮನೆ ಕಂದಾಯದ ರಸೀದಿ, ಅರಣ್ಯ ಇಲಾಖೆಯ ನೋಟಿಸು, ಎಲ್ಲಾ ಒಟ್ಟಿಗೆ ಇರುತ್ತವೆ. ಅವನ್ನು ಬಿಡಿಸಿ, ದಿನಾಂಕದ ಪ್ರಕಾರ ಜೋಡಿಸಿ, ಯಾವುದು ಸಾಕ್ಷಿಗೆ ಬರುತ್ತದೆ ಎಂದು ನೋಡುವುದು ನಿಮ್ಮ ಮೊದಲ ಕೆಲಸ. ಆಮೇಲೆ ಹಿರಿಯರ ಹೇಳಿಕೆ ಬರೆದುಕೊಳ್ಳುವುದು, ಗ್ರಾಮಸಭೆಗೆ ಹೋಗುವುದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು, ತಿರಸ್ಕಾರ ಆದವರಿಗೆ ಮೇಲ್ಮನವಿ ಬರೆದುಕೊಡುವುದು.

ಇದು ಸಣ್ಣ ಕೆಲಸ ಅಂತ ಅನ್ನಿಸಬಹುದು. ಆದರೆ ಇಲ್ಲಿ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ಸಿಗದೆ ಇರುವುದು ಕಾನೂನು ಇಲ್ಲದ್ದಕ್ಕೆ ಅಲ್ಲ. ಅರ್ಜಿಗೆ ಸ್ವೀಕೃತಿ ಇಲ್ಲ, ಸಾಕ್ಷಿ ಒಂದೇ ಇದೆ, ತಿರಸ್ಕಾರದ ಪತ್ರ ಮನೆಗೆ ಬಂದೇ ಇಲ್ಲ, ಇಂಥ ಕಾರಣಗಳಿಗೆ.

ಇಲ್ಲಿನ ಆದಿವಾಸಿ ಸಮುದಾಯಗಳು ಯಾವುವು?

ಕಳಸ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಲೆಕುಡಿಯರು, ಹಸಲರು, ಗೌಡಲು ಜನ ಇದ್ದಾರೆ. ಹಾಸನ ಜಿಲ್ಲೆಗೆ ಹೋದರೆ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ದೊಡ್ಡ ಊರೇ ಇದೆ. ಸಂವಿಧಾನದ ಲೆಕ್ಕದಲ್ಲಿ ಇವರೆಲ್ಲ ಪರಿಶಿಷ್ಟ ಪಂಗಡ. ಸರ್ಕಾರಿ ಕಚೇರಿಯಲ್ಲಿ ಗಿರಿಜನ ಅನ್ನುತ್ತಾರೆ. ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ನೀವೂ ಬರೆಯಿರಿ.

ಒಂದು ಮಾತು ನೆನಪಿಡಿ. ಎಲ್ಲರೂ ಕಾಡಿನೊಳಗೆ ಇಲ್ಲ. ಬಹಳ ಕುಟುಂಬಗಳು ಕಾಫಿ ಎಸ್ಟೇಟಿನವರು ಕೂಲಿಯವರಿಗೆ ಕೊಡುವ ಲೈನ್ ಮನೆಗಳಲ್ಲಿ ಇವೆ. ಅವರ ಕಷ್ಟ ಬೇರೆ ಥರ. ಅಲ್ಲಿ ಭೂಮಿಯೂ ಅವರದಲ್ಲ, ಮನೆಯೂ ಅವರದಲ್ಲ. ಅರಣ್ಯ ಹಕ್ಕು ಕಾಯ್ದೆ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ.

ಬರುವ ಮೊದಲು ಏನು ಓದಿಕೊಳ್ಳಬೇಕು?

2006ರ ಅರಣ್ಯ ಹಕ್ಕು ಕಾಯ್ದೆಯನ್ನು ಪೂರ್ತಿ ಓದಿ. ಚಿಕ್ಕ ಕಾಯ್ದೆ, ಒಂದು ಸಂಜೆ ಸಾಕು. ಅದರ ಜೊತೆಗೆ 2008ರ ನಿಯಮಗಳು ಮತ್ತು 2012ರ ತಿದ್ದುಪಡಿ. ನಿಯಮಗಳನ್ನು ಬಿಟ್ಟು ಬರೀ ಕಾಯ್ದೆ ಓದಿಕೊಂಡು ಬರುವವರೇ ಜಾಸ್ತಿ. ನಮ್ಮ ಕೆಲಸ ನಡೆಯುವುದೆಲ್ಲ ನಿಯಮಗಳಲ್ಲಿ. 3ನೇ ನಿಯಮ, 11ರಿಂದ 13ರವರೆಗಿನ ನಿಯಮಗಳು ಬಾಯಲ್ಲೇ ಇರಬೇಕು.

ಕಾಯ್ದೆಯ ತಿರುಳು ಇಷ್ಟು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯ ಭೂಮಿಯಲ್ಲಿ ವಾಸ, ಸಾಗುವಳಿ ಮಾಡುತ್ತಿದ್ದ ಪರಿಶಿಷ್ಟ ಪಂಗಡದವರಿಗೆ, ನಿಜವಾಗಿ ಅನುಭವದಲ್ಲಿ ಇರುವಷ್ಟು ಜಾಗಕ್ಕೆ, 4 ಹೆಕ್ಟೇರ್ ಮೀರದಂತೆ ಹಕ್ಕು ಸಿಗುತ್ತದೆ. ಬೇರೆ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ವೈಯಕ್ತಿಕ ಹಕ್ಕಿಗೆ ನಮೂನೆ ಎ, ಸಮುದಾಯದ ಹಕ್ಕಿಗೆ ನಮೂನೆ ಬಿ, ಊರು ತಾನೇ ಕಾಪಾಡಿಕೊಂಡು ಬಂದ ಕಾಡಿಗೆ ನಮೂನೆ ಸಿ. ಮೊದಲನೆಯದಕ್ಕೆ ಎಲ್ಲರೂ ಅರ್ಜಿ ಹಾಕುತ್ತಾರೆ. ಬಿ ಮತ್ತು ಸಿ ಕಡೆ ಯಾರೂ ನೋಡುವುದಿಲ್ಲ. ಜೇನು, ಸೀಗೆ, ಉಪ್ಪಾಗೆ, ಬಿದಿರು ತರುವುದು ಊರಿನ ಹಕ್ಕು ಎಂದು ಬರೆಸಿಕೊಳ್ಳದಿದ್ದರೆ ನಾಳೆ ಒಬ್ಬ ಗಾರ್ಡ್ ಬಂದು ಚೀಲ ಕಿತ್ತುಕೊಂಡರೆ ತೋರಿಸಲು ಏನೂ ಇರುವುದಿಲ್ಲ, ಅಲ್ವಾ?

ಇದರ ಜೊತೆ 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಮತ್ತು ಅದರ 2023ರ ತಿದ್ದುಪಡಿ, 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಮತ್ತು 17ನೇ ಸೆಕ್ಷನ್‌ಗಳನ್ನು ನೋಡಿಕೊಳ್ಳಿ. ತೀರ್ಪು ಒಂದೇ ಓದುತ್ತೀರಾದರೆ ಒಡಿಶಾದ ನಿಯಮಗಿರಿ ಪ್ರಕರಣದಲ್ಲಿ 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಕೊಟ್ಟದ್ದನ್ನು ಓದಿ. ಗಣಿಗಾರಿಕೆಯ ಪ್ರಶ್ನೆಯನ್ನು ಕೋರ್ಟ್ ಗ್ರಾಮಸಭೆಗಳ ಮುಂದೆ ಇಟ್ಟಿತು. 12 ಗ್ರಾಮಸಭೆಗಳೂ ಬೇಡ ಅಂದವು.

ಪೆಸಾ ಕಾಯ್ದೆ ಇಲ್ಲಿ ಅನ್ವಯ ಆಗುತ್ತದಾ?

ಇಲ್ಲ. ಅನುಸೂಚಿತ ಪ್ರದೇಶದ ಆದಿವಾಸಿ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ ಕಾಯ್ದೆ ಅದು. ಸಂವಿಧಾನದ ಐದನೇ ಪರಿಚ್ಛೇದದಲ್ಲಿ ಹೇಳುವ ಅಂಥ ಪ್ರದೇಶ ಕರ್ನಾಟಕದಲ್ಲಿ ಇಲ್ಲ. ಅರ್ಜಿಯಲ್ಲಿ ಪೆಸಾ ಅಂತ ಬರೆದು ಕಳಿಸಬೇಡಿ. ಅರಣ್ಯ ಹಕ್ಕು ಕಾಯ್ದೆಗೆ ಅದರ ಹಂಗಿಲ್ಲ.

ಹಿರಿಯರ ಹೇಳಿಕೆ ಬರೆದುಕೊಳ್ಳುವುದು ಹೇಗೆ?

ನಿಮ್ಮಿಂದ ಊರಿಗೆ ನಿಜವಾಗಿ ಉಪಯೋಗ ಆಗುವ ಕೆಲಸ ಇದು. ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

13ನೇ ನಿಯಮದ ಪ್ರಕಾರ ಅರ್ಜಿದಾರರಲ್ಲದ ಹಿರಿಯರ ಮಾತನ್ನು ಬರೆದುಕೊಂಡರೆ ಅದೇ ಒಂದು ಸಾಕ್ಷಿ. ಕಾಗದ ಇಲ್ಲದವರಿಗಾಗಿಯೇ ಕಾನೂನು ಈ ಬಾಗಿಲು ತೆರೆದಿದೆ. ಆದರೆ ಒಂದಕ್ಕಿಂತ ಹೆಚ್ಚು ಸಾಕ್ಷಿ ಬೇಕು. ಹಾಗಾಗಿ ಹೇಳಿಕೆಯ ಜೊತೆಗೆ ಇನ್ನೊಂದನ್ನು ಹುಡುಕಿ. ಹಳೆಯ ಮನೆಯ ಅಡಿಪಾಯ, ಗದ್ದೆಯ ಬದು, ಬಾವಿ, ಸಮಾಧಿ, ಚೌಡಿ ಬನ, ಇವೂ ಲೆಕ್ಕಕ್ಕೆ ಬರುತ್ತವೆ. ಅಜ್ಜ ನೆಟ್ಟ ಹಲಸಿನ ಮರವನ್ನು ಫೋಟೋ ತೆಗೆದು ಮಹಜರಿನಲ್ಲಿ ಸೇರಿಸಿ. ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ ಅಂತ ಯಾರಾದರೂ ಹೇಳಿದರೆ 2012ರ ತಿದ್ದುಪಡಿ ತೋರಿಸಿ. ಇಂಥದ್ದೇ ದಾಖಲೆ ಬೇಕು ಎಂದು ಪಟ್ಟು ಹಿಡಿಯುವ ಹಾಗಿಲ್ಲ.

ಅಜ್ಜ ಅಜ್ಜಿಯರು ಇಸವಿ ಹೇಳುವುದಿಲ್ಲ. "ಇಂದಿರಾ ಗಾಂಧಿ ನಮ್ಮೂರ ಕಡೆ ಎಲೆಕ್ಷನ್‌ಗೆ ನಿಂತಿದ್ರಲ್ಲ, ಆ ವರ್ಷ ಈ ಗದ್ದೆ ಮಾಡಿದ್ದು" ಅನ್ನುತ್ತಾರೆ. ಅದು 1978ರ ಚಿಕ್ಕಮಗಳೂರು ಉಪಚುನಾವಣೆ. ಕುದುರೆಮುಖದ ಕಡೆಯವರು "ಗಣಿ ನಿಲ್ಲೋಕೆ ಮುಂಚೆ" ಅನ್ನುತ್ತಾರೆ. ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ನಿಂತದ್ದು 2005ರ ಕೊನೆಗೆ. ಕಾಯ್ದೆಯ ಗಡುವು ಅದೇ ಡಿಸೆಂಬರ್ 13. ಎಷ್ಟು ಹತ್ತಿರ ನೋಡಿ! ಹಾಗಾಗಿ "ಗಣಿ ನಿಲ್ಲುವುದಕ್ಕೆ ಎಷ್ಟು ಬೆಳೆ ಮುಂಚೆ?" ಎಂದು ಇನ್ನೊಂದು ಪ್ರಶ್ನೆ ಕೇಳಿ. ಅವರ ನೆನಪನ್ನು ಅವರ ಮಾತಿನಲ್ಲೇ ಬರೆದು, ಇಸವಿಯನ್ನು ಪಕ್ಕದಲ್ಲಿ ನಿಮ್ಮ ಟಿಪ್ಪಣಿಯಾಗಿ ಹಾಕಿ. ಇಸವಿಯನ್ನು ಅವರ ಬಾಯಿಗೆ ತುರುಕಬೇಡಿ.

ಒಂದು ಸಲ ಒಬ್ಬ ಹುಡುಗ ತುಂಬಾ ಶ್ರದ್ಧೆಯಿಂದ ಹೇಳಿಕೆ ಬರೆದು ತಂದಿದ್ದ. ಅಜ್ಜಿ "ನಮ್ಮತ್ತೆ ಕಾಲದಿಂದ ಇಲ್ಲಿ ಗೇಯ್ಕೊಂಡು ತಿಂತಿದೀವಿ" ಅಂದಿದ್ದರು. ಇವನು ಅದನ್ನು ಕಾನೂನಿನ ಭಾಷೆ ಮಾಡಲು ಹೋಗಿ "ಸದರಿ ಅರಣ್ಯ ಭೂಮಿಯನ್ನು ಒತ್ತುವರಿ ಮಾಡಿಕೊಂಡು ಸಾಗುವಳಿ ಮಾಡುತ್ತಿದ್ದೇವೆ" ಎಂದು ಬರೆದಿದ್ದ. ಆ ಒಂದು ಪದದಿಂದ ಹಕ್ಕು ಕೇಳುವ ಅರ್ಜಿ ತಪ್ಪೊಪ್ಪಿಗೆ ಪತ್ರ ಆಗಿಹೋಗಿತ್ತು. ಸದ್ಯ, ಹೆಬ್ಬೆಟ್ಟು ಹಾಕಿಸುವ ಮೊದಲು ಸಿಕ್ಕಿತು. ಮರುದಿನ ಇಬ್ಬರೂ ಮತ್ತೆ ಹೋಗಿ ಹೊಸದಾಗಿ ಬರೆದೆವು. ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಬರೆದದ್ದನ್ನು ಅಲ್ಲೇ, ಮನೆಮಂದಿ ಎದುರಿಗೆ, ಜೋರಾಗಿ ಓದಿ ಹೇಳಬೇಕು. ಅಜ್ಜಿ "ಹಂಗಲ್ಲ" ಅಂದರೆ ಹೊಡೆದು ಹಾಕಿ ಮತ್ತೆ ಬರೆಯಬೇಕು. ಸಹಿ ಆಮೇಲೆ.

ಗ್ರಾಮಸಭೆಯಲ್ಲಿ ನನ್ನ ಪಾತ್ರ ಏನು?

ಮೂಲೆಯಲ್ಲಿ ಕೂತು ಕೇಳುವುದು. ಕೇಳಿದರೆ ಮಾತ್ರ ಉತ್ತರ ಹೇಳುವುದು. ಗ್ರಾಮಸಭೆ ಅವರದು.

ಆದರೆ ಸಭೆಗೆ ಮುಂಚೆ ನಿಮಗೆ ಕೆಲಸ ಇದೆ. ಮಲೆನಾಡಿನಲ್ಲಿ ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದು. ಒಂದು ಪಂಚಾಯಿತಿಯಲ್ಲಿ ಮಲೆಕುಡಿಯರ ಮನೆ ಹತ್ತಿಪ್ಪತ್ತು ಇರಬಹುದು. ಪಂಚಾಯಿತಿ ಮಟ್ಟದ ಸಭೆಯಲ್ಲಿ ಅವರ ದನಿ ಕೇಳುವುದೇ ಇಲ್ಲ. ಕಾಯ್ದೆ ಹಳೆಯ ವಸತಿಗಳು, ಸರ್ವೆ ಆಗದ ಊರುಗಳನ್ನೂ 'ಗ್ರಾಮ' ಎನ್ನುತ್ತದೆ. ಆ ವಸತಿ ಮಟ್ಟದಲ್ಲೇ ಸಭೆ ಕರೆಯಬೇಕು ಎಂದು ಕೇಳಲು ದಾರಿ ಇದೆ. ಅರ್ಜಿಗಳನ್ನು ಪರಿಶೀಲಿಸಲು ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ ಇರಬೇಕು. ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಮೂರನೇ ಒಂದು ಭಾಗ ಹೆಂಗಸರು. ಸಭೆಯ ಕೋರಂ, ಅಂದರೆ ಇರಲೇಬೇಕಾದ ಹಾಜರಿ, ಅರ್ಧದಷ್ಟು ಜನ, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಇದನ್ನೆಲ್ಲ ಹಾಜರಿ ಪುಸ್ತಕದಲ್ಲಿ ಎಣಿಸಿ ನೋಡಿ. ಕೋರಂ ಇಲ್ಲದ ಸಭೆಯ ನಿರ್ಣಯ ಮೇಲಿನ ಸಮಿತಿಯಲ್ಲಿ ನಿಲ್ಲುವುದಿಲ್ಲ.

ಸಮಯದ ವಿಷಯ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಯಾರು ಬರುತ್ತಾರೆ? ಕಾಫಿ ಕುಯ್ಲಿನ ಕಾಲದಲ್ಲಂತೂ ಒಂದು ದಿನದ ಕೂಲಿ ಹೋದರೆ ಮನೆ ನಡೆಯುವುದು ಕಷ್ಟ. ರಜೆ ದಿನ ಕೇಳಿ, ಸಂಜೆ ಇಡಿ.

ಅರ್ಜಿ ತಿರಸ್ಕಾರ ಆಗಿದ್ದರೆ ಎಲ್ಲಾ ಮುಗಿಯಿತಾ?

ಮುಗಿಯಲಿಲ್ಲ. ಗ್ರಾಮಸಭೆಯ ನಿರ್ಣಯದ ಮೇಲೆ ಉಪವಿಭಾಗ ಮಟ್ಟದ ಸಮಿತಿಗೆ, ಅದರ ತೀರ್ಮಾನದ ಮೇಲೆ ಜಿಲ್ಲಾ ಮಟ್ಟದ ಸಮಿತಿಗೆ, ಎರಡಕ್ಕೂ 60 ದಿನದೊಳಗೆ ಅರ್ಜಿ ಹಾಕಬಹುದು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಉಪವಿಭಾಗ ಎರಡು, ಚಿಕ್ಕಮಗಳೂರು ಮತ್ತು ತರೀಕೆರೆ. ಹಾಸನದಲ್ಲಿ ಹಾಸನ ಮತ್ತು ಸಕಲೇಶಪುರ. ನಿಮ್ಮ ಊರು ಯಾವ ಎಸಿ (ಉಪವಿಭಾಗಾಧಿಕಾರಿ) ಕೆಳಗೆ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಜಿಲ್ಲಾ ಸಮಿತಿಯೂ ಕೈಬಿಟ್ಟರೆ ಹೈಕೋರ್ಟಿನಲ್ಲಿ ರಿಟ್.

ಆ 60 ದಿನ ಎಂದಿನಿಂದ ಎಣಿಸುವುದು ಅನ್ನುವುದೇ ದೊಡ್ಡ ಜಗಳ. ತಿರಸ್ಕಾರವನ್ನು ಕಾರಣ ಸಮೇತ ಅರ್ಜಿದಾರರಿಗೇ ತಿಳಿಸಬೇಕು ಎಂದು ನಿಯಮ ಹೇಳುತ್ತದೆ. ಬಹಳ ಮನೆಗಳಿಗೆ ಪತ್ರ ಬಂದೇ ಇರುವುದಿಲ್ಲ. ಆಗ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ಪ್ರಬಂಧ ಬರೆಯಬೇಡಿ. ತಿರಸ್ಕಾರದ ಆದೇಶದ ನಕಲು, ಸಭೆಯ ನಡಾವಳಿ, ಜಂಟಿ ಸರ್ವೆ ವರದಿ ಇಷ್ಟು ಕೇಳಿದರೆ ಸಾಕು.

2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕಾರ ಆದವರನ್ನು ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು. ಅದೇ ತಿಂಗಳು 28ಕ್ಕೆ ಅದನ್ನು ತಡೆಹಿಡಿಯಿತು. ಆ ಎರಡು ವಾರ ಇಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ ಎಂಬುದನ್ನು ನಾನು ಮರೆತಿಲ್ಲ. ಪರಿಶೀಲನೆ ಮುಗಿಯುವವರೆಗೆ ತೆರವು ಮಾಡುವಂತಿಲ್ಲ ಎಂದು ಕಾಯ್ದೆಯ 4(5) ಹೇಳುತ್ತದೆ. ಆ ಸೆಕ್ಷನ್ನಿನ ಕನ್ನಡ ಪ್ರತಿಯನ್ನು ಪ್ರಿಂಟ್ ಹಾಕಿಸಿ ಊರಿನಲ್ಲಿ ಕೊಟ್ಟು ಬನ್ನಿ.

ಕುದುರೆಮುಖ, ಭದ್ರಾದಂಥ ಕಾಡಿನೊಳಗೂ ಹಕ್ಕು ಇರುತ್ತದಾ?

ಇರುತ್ತದೆ. ಕಾಯ್ದೆಯಲ್ಲಿ 'ಅರಣ್ಯ ಭೂಮಿ' ಅಂದರೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯವೂ ಸೇರಿದೆ. ಕುದುರೆಮುಖ ಉದ್ಯಾನದ ಪ್ರಸ್ತಾಪ ಆದದ್ದು 1987ರಲ್ಲಿ. ಆ ಬೆಟ್ಟದ ಮಡಿಲಿನಲ್ಲಿ ಅದಕ್ಕೂ ಮೊದಲಿನ ಮನೆಗಳಿವೆ.

ಸ್ಥಳಾಂತರದ ವಿಷಯ ಬಂದಾಗ ನಿಧಾನವಾಗಿ ಯೋಚಿಸಿ. ಭದ್ರಾ ಅಭಯಾರಣ್ಯದಿಂದ ಜನರನ್ನು ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೆ ಕರೆತಂದದ್ದು 2006ರ ಕಾಯ್ದೆ ಬರುವ ಮೊದಲು. ಅದನ್ನು ಒಳ್ಳೆಯ ಉದಾಹರಣೆ ಎಂದು ಹೇಳುವವರು ಬಹಳ. ಈಗ ಕಾನೂನು ಬೇರೆ. ವನ್ಯಜೀವಿಗಳಿಗೆ ಅತಿ ಮುಖ್ಯ ಎಂದು ಗುರುತಿಸಿದ ಜಾಗದಿಂದಲೂ, ಮೊದಲು ಹಕ್ಕು ಗುರುತಿಸಿ, ಆಮೇಲೆ ಗ್ರಾಮಸಭೆಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಹೊಸ ಜಾಗದಲ್ಲಿ ಸೌಲಭ್ಯ ಸಿದ್ಧವಾದ ಮೇಲಷ್ಟೇ ಜನರನ್ನು ಕಳಿಸಬೇಕು. ಯಾರಾದರೂ ಹೊರಗೆ ಹೋಗಲು ಇಷ್ಟಪಟ್ಟರೆ ಅದು ಅವರ ತೀರ್ಮಾನ, ಬೇಡ ಅನ್ನಲು ನಾವು ಯಾರು? ನಾವು ನೋಡಬೇಕಾದ್ದು ಒಂದೇ. ಹಕ್ಕುಪತ್ರ ಕೈಯಲ್ಲಿ ಇಟ್ಟುಕೊಂಡು ಒಪ್ಪಿದರಾ, ಅಥವಾ ಹೇಗಿದ್ದರೂ ಓಡಿಸುತ್ತಾರೆ ಎಂಬ ಭಯದಿಂದ ಒಪ್ಪಿದರಾ?

ರಸ್ತೆ, ಕರೆಂಟ್ ಇಲ್ಲದ ಊರಿಗೆ ಕಾನೂನಿನಿಂದ ಏನಾದರೂ ಮಾಡಬಹುದಾ?

ಈ ಪ್ರಶ್ನೆ ಕೇಳುವವರು ಕಡಿಮೆ. ಇನ್ನೂ ಜಾಸ್ತಿ ಜನ ಕೇಳಬೇಕು. ಕಾಯ್ದೆಯ 3(2) ಓದಿ. ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ಲೈನ್, ರಸ್ತೆ ಸೇರಿ 13 ಥರದ ಸೌಲಭ್ಯಕ್ಕೆ ಒಂದೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು. ಹೆಕ್ಟೇರಿಗೆ 75 ಮರ ಮೀರಿ ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಬೇಕು.

ಮಳೆಗಾಲದಲ್ಲಿ ಬಸುರಿಯನ್ನೋ ಕಾಯಿಲೆಯವರನ್ನೋ ಜೋಲಿಯಲ್ಲಿ ಹೊತ್ತು ರಸ್ತೆಗೆ ತರುವ ಊರುಗಳು ನಮ್ಮಲ್ಲಿ ಇನ್ನೂ ಇವೆ. "ಫಾರೆಸ್ಟ್‌ನವರು ಬಿಡಲ್ಲ" ಎಂಬ ಒಂದು ಮಾತಿಗೆ ವರ್ಷಗಟ್ಟಲೆ ಫೈಲ್ ನಿಂತಿರುತ್ತದೆ. ಒಬ್ಬ ಇಂಟರ್ನ್ ಗ್ರಾಮಸಭೆಯ ನಿರ್ಣಯದ ಕರಡು, ನಕ್ಷೆ, ಮರಗಳ ಲೆಕ್ಕ ಇಷ್ಟನ್ನು ಸರಿಯಾಗಿ ಜೋಡಿಸಿಕೊಟ್ಟರೆ ಆ ಫೈಲ್ ಮುಂದಿನ ಟೇಬಲ್ಲಿಗೆ ಹೋಗುತ್ತದೆ.

ಹೊಳೆ ಹಾಳಾಗಿದ್ದರೆ ಹಸಿರು ನ್ಯಾಯಮಂಡಳಿಗೆ ಹೋಗಬಹುದಾ?

ಹೋಗಬಹುದು. ನಮ್ಮ ಕಡೆ ಕಾಫಿ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆ ನೀರು, ಹಳ್ಳಕ್ಕೆ ಬಿಡುವುದು ಹಳೆಯ ಕಷ್ಟ. ಕುಯ್ಲಿನ ತಿಂಗಳಲ್ಲಿ ನೀರು ಕಪ್ಪಾಗಿ ನಾರುತ್ತದೆ. ಕೆಳಗಿನ ಕಾಲೋನಿಯವರು ಅದನ್ನೇ ಬಳಸಬೇಕು. ಇದು 1974ರ ಜಲ ಕಾಯ್ದೆಯ ವಿಷಯ. ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು, ದಿನಾಂಕ ಹಾಕಿದ ಫೋಟೋ ಸಮೇತ. ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ವಿವಾದ ಹುಟ್ಟಿದ 6 ತಿಂಗಳೊಳಗೆ ಹೋಗಬೇಕು, ಪರಿಹಾರ ಕೇಳಲು 5 ವರ್ಷ ಇದೆ.

ಆದರೆ ಅರಣ್ಯ ಹಕ್ಕು ಕಾಯ್ದೆ ಮತ್ತು ವನ್ಯಜೀವಿ ಕಾಯ್ದೆ ಆ ನ್ಯಾಯಮಂಡಳಿಯ ಪಟ್ಟಿಯಲ್ಲಿ ಇಲ್ಲ. ಹಕ್ಕುಪತ್ರದ ಅರ್ಜಿ ಹಿಡಿದು ಅಲ್ಲಿಗೆ ಹೋಗಬೇಡಿ.

ಎಷ್ಟು ವಾರ ಬರಬೇಕು? ಕಾಲೇಜು ಒಪ್ಪುತ್ತದಾ?

ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ವರ್ಷಕ್ಕೆ ಒಂದೇ ಸಮನೆ 4 ವಾರ ಮೀರುವಂತಿಲ್ಲ. ವಕೀಲರ ಜೊತೆ, ಸ್ವಯಂಸೇವಾ ಸಂಸ್ಥೆಯಲ್ಲಿ, ಸ್ಥಳೀಯ ಸಂಸ್ಥೆಗಳಲ್ಲಿ ಮಾಡಿದ್ದೂ ನಡೆಯುತ್ತದೆ. ನಾಲ್ಕು ವಾರ ಪೂರ್ತಿ ಬನ್ನಿ. ಒಂದು ವಾರಕ್ಕೆ ಬಂದರೆ ದಾರಿ ಪರಿಚಯ ಆಗುವಷ್ಟರಲ್ಲಿ ವಾಪಸ್ ಬಸ್ಸು ಹತ್ತುತ್ತೀರಿ. ಮರುವರ್ಷ ಅದೇ ಊರಿಗೆ ಬರುವುದಾದರೆ ಇನ್ನೂ ಒಳ್ಳೆಯದು.

ಯಾರನ್ನು ಕೇಳಬೇಕು? ದುಡ್ಡು ಸಿಗುತ್ತದಾ?

ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪರಿಶಿಷ್ಟ ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಎಂದು 1987ರ ಕಾಯ್ದೆಯಲ್ಲೇ ಇದೆ. ಚಿಕ್ಕಮಗಳೂರಿನಲ್ಲಿ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯೂ ಇದೆ. ಇಲ್ಲದಿದ್ದರೆ ಈ ಕೇಸು ನಡೆಸುವ ವಕೀಲರಿಗೆ ಒಂದು ಪತ್ರ ಬರೆಯಿರಿ. ಯಾವ ಕಾಯ್ದೆ ಓದಿದ್ದೀರಿ, ಯಾವ ಭಾಷೆ ಬರುತ್ತದೆ, ಎಷ್ಟು ದಿನ ಇರುತ್ತೀರಿ, ಇಷ್ಟಿದ್ದರೆ ಸಾಕು.

ದುಡ್ಡು ಸಾಮಾನ್ಯವಾಗಿ ಇರುವುದಿಲ್ಲ. ಬಸ್ ಖರ್ಚು, ಊಟಕ್ಕೆ ಏನು ಮಾಡುತ್ತೀರಿ ಎಂದು ಮೊದಲೇ ಮಾತಾಡಿಕೊಳ್ಳಿ. ಕೈಯಲ್ಲಿ ಇಲ್ಲದಿದ್ದರೆ ನಾಚಿಕೆ ಪಡದೆ ಹೇಳಿ, ದಾರಿ ಹುಡುಕೋಣ. ದುಡ್ಡಿದ್ದವರ ಮಕ್ಕಳು ಮಾತ್ರ ಈ ಕೆಲಸ ಕಲಿಯುವಂತೆ ಆಗಬಾರದು.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ನಂತರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಇಂಬಳ, ಧರೆ ಕುಸಿತ. ಕಾಲುದಾರಿಯ ಸಂಕ (ಕಿರುಸೇತುವೆ) ಯಾವಾಗ ಕೊಚ್ಚಿಹೋಗುತ್ತದೆ ಎಂದು ಹೇಳಲಾಗದು. ಡಿಸೆಂಬರ್‌ನಿಂದ ಮೇವರೆಗೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆ ಮಂಗನ ಕಾಯಿಲೆಯ ಎಚ್ಚರ ಬೇಕು. ಉಣುಗು ಕಚ್ಚದಂತೆ ಮೈತುಂಬಾ ಬಟ್ಟೆ ಹಾಕಿ. ಆಶಾ ಕಾರ್ಯಕರ್ತೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದಮೇಲೆ ಬಿಸಿನೀರು ಸ್ನಾನ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಲೇಬೇಕು.

ಕನ್ನಡ ಸರಿಯಾಗಿ ಬರದಿದ್ದರೆ?

ಮಾಹಿತಿ ಹಕ್ಕಿನ ದಾಖಲೆ ಓದುವುದು, ತೀರ್ಪು ಹುಡುಕುವುದು ಮಾಡಬಹುದು. ಹೇಳಿಕೆ ಬರೆಯಲು ಮಾತ್ರ ಕಳಿಸುವುದಿಲ್ಲ. ಕಳಸದ ಕಡೆಗೆ ತುಳು ಬಂದರೆ ಬಹಳ ಅನುಕೂಲ. ಹಿರಿಯರನ್ನು ಅಜ್ಜ, ಅಜ್ಜಿ ಎಂದೇ ಕರೆಯಿರಿ. ಮನೆಯ ಹೆಂಗಸರನ್ನು ಅಕ್ಕ ಅನ್ನಿ. 'ಫಲಾನುಭವಿ' ಅನ್ನುವ ಪದವನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬನ್ನಿ.

ಜನ ನನ್ನನ್ನೇ ಸಲಹೆ ಕೇಳಿದರೆ?

ಕೇಳುತ್ತಾರೆ. ನೀವು ಇನ್ನೂ ವಕೀಲರಲ್ಲ, ಅದನ್ನು ನೇರವಾಗಿ ಹೇಳಿ. "ಬರೆದುಕೊಂಡು ಹೋಗಿ ಕೇಳಿ, ಇಂಥ ದಿನ ಬಂದು ಹೇಳುತ್ತೇನೆ" ಅನ್ನಿ. ಆ ದಿನ ತಪ್ಪದೆ ಹೋಗಿ. ಬಂದವರೆಲ್ಲ ಬರುತ್ತೇನೆ ಎಂದು ಹೇಳಿ ಹೋದ ಊರುಗಳು ಇವು.

ಗಾರ್ಡ್ ಅಡ್ಡ ಹಾಕಿದರೆ, ಯಾರಾದರೂ ಬೆದರಿಸಿದರೆ ಅಲ್ಲಿ ವಾದಕ್ಕೆ ನಿಲ್ಲಬೇಡಿ. ಸಮಯ, ಜಾಗ, ಆಡಿದ ಮಾತು ಬರೆದುಕೊಂಡು ಬನ್ನಿ. ಪರಿಶಿಷ್ಟ ಪಂಗಡದವರ ಅರಣ್ಯ ಹಕ್ಕಿಗೆ ಅಡ್ಡಿ ಮಾಡುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ನಿಮ್ಮ ಟಿಪ್ಪಣಿ ಆಗ ಕೆಲಸಕ್ಕೆ ಬರುತ್ತದೆ.

ಫೋಟೋ, ಪ್ರಾಜೆಕ್ಟ್ ರಿಪೋರ್ಟ್?

ಕೇಳಿ ತೆಗೆಯಿರಿ. ಆಧಾರ್, ಜಾತಿ ಪ್ರಮಾಣಪತ್ರದ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ರಿಪೋರ್ಟಿನಲ್ಲಿ ಹೆಸರು, ಸರ್ವೆ ನಂಬರ್ ಬೇಡ. ಜೇನು ಎಲ್ಲಿ ಸಿಗುತ್ತದೆ, ಯಾವ ಬೇರು ಯಾವ ಕಾಯಿಲೆಗೆ ಎಂದು ಅವರು ನಂಬಿಕೆಯಿಂದ ಹೇಳಿದ್ದನ್ನು ಅವರನ್ನು ಕೇಳದೆ ಬರೆಯಬೇಡಿ.

ಕೊನೆಯ ದಿನ ಏನು ಮಾಡಬೇಕು?

ನಕಲು ಕೊಟ್ಟು ಹೋಗಬೇಕು. ನೀವು ಬರೆದ ಹೇಳಿಕೆ, ಹಾಕಿದ ಅರ್ಜಿ, ಬಂದ ಸ್ವೀಕೃತಿ, ಪೋಸ್ಟಿನ ರಸೀದಿ, ಎಲ್ಲದರದ್ದೂ ಎರಡು ಪ್ರತಿ ಮಾಡಿಸಿ. ಒಂದು ಅರಣ್ಯ ಹಕ್ಕು ಸಮಿತಿಯ ಕಡತಕ್ಕೆ, ಇನ್ನೊಂದು ಆ ಮನೆಗೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದರೆ ಅವರಿಗೆ ಇದ್ದ ಹಾಗಲ್ಲ. ಮುಂದಿನ ತಾರೀಕು ಯಾವುದು, ಎಸಿ ಕಚೇರಿಯಲ್ಲಿ ಯಾವ ಸೆಕ್ಷನ್ನಿನಲ್ಲಿ ಕೇಳಬೇಕು, ಅರ್ಜಿ ಸಂಖ್ಯೆ ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಎಲ್ಲದರ ಮೇಲಿಡಿ. ಓದು ಬರುವ ಒಬ್ಬರನ್ನು ಕೂರಿಸಿಕೊಂಡು, ಹೆಚ್ಚಾಗಿ ಅದು ಹೈಸ್ಕೂಲಿಗೆ ಹೋಗುವ ಹುಡುಗಿ ಆಗಿರುತ್ತಾಳೆ, ಅವಳ ಕೈಲಿ ಒಮ್ಮೆ ಓದಿಸಿ. ಆಮೇಲೆ ಹೊಸ ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ ಅದೇ ಟ್ರಂಕಿನಲ್ಲಿ ಇಡಿಸಿ ಬನ್ನಿ.